ಬಲಕ್ಕೆ ಬಿದ್ದ ಹೂವು

ನನ್ನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡಕ್ಕೂ ಈಗ ರೇಷ್ಮೆ ಎಳೆ ತಾಗಿದ್ದು ಗೊತ್ತಾಗುವುದಿಲ್ಲ. ಬಿಸಿ ಮುದ್ದೆ ಮುರಿದಾಗ ಬೆರಳು ಸುಟ್ಟಿತೋ ಇಲ್ಲವೋ ಎಂದು ಕಣ್ಣಿಂದ ನೋಡಿ ತಿಳಿಯಬೇಕು. ಇದನ್ನು ಯಾರಿಗಾದರೂ ಹೇಳಿದರೆ 'ಅಯ್ಯೋ ಪಾಪ, ದೇವರು ಹಂಗೆ ಬರ್ದವ್ನೆ' ಅನ್ನುತ್ತಾರೆ. ನಾಲ್ಕು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ದೇವರನ್ನು ಅವನ ಪಾಡಿಗೆ ಬಿಡಿ, ಇದನ್ನು ಬರೆದವನು ನನ್ನ ಒಡಹುಟ್ಟಿದ ಅಣ್ಣ.

ನಮ್ಮದು ಕೊಳ್ಳೇಗಾಲದ ಮಗ್ಗದ ಮನೆ. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದೆ. ಅಣ್ಣ ಸೀರೆ ನೇಯುತ್ತಿದ್ದ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುವ ಹೊತ್ತಿಗೆ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳ ತುದಿ ಸೇರಿಸುವುದು ನನ್ನ ಕೆಲಸ. ಬೆರಳಿಗೆ ಚಿಟಿಕೆ ಬೂದಿ ಮುಟ್ಟಿಸಿಕೊಂಡು ಒಂದೊಂದೇ ಎಳೆಯನ್ನು ಹೊಸೆಯಬೇಕು. ಸಾವಿರಾರು ಎಳೆ. ಅದು ಕಣ್ಣಿನ ಕೆಲಸವಲ್ಲ, ಬೆರಳಿನದು. ಬೀದಿಯ ಬೇರೆ ಮನೆಯವರೂ ಈ ಕೆಲಸಕ್ಕೆ ನನ್ನನ್ನೇ ಕರೆಯುತ್ತಿದ್ದರು. ಆ ಎರಡು ಬೆರಳಿನ ದೆಸೆಯಿಂದ ನಾನು ಅಣ್ಣನ ಮನೆಯಲ್ಲಿ ಯಾರ ಹಂಗೂ ಇಲ್ಲದೆ ಉಣ್ಣುತ್ತಿದ್ದೆ.

ಅವ್ವ ಹೋದದ್ದು ರಾಟೆಯ ಮುಂದೆ. 'ತಲೆ ಸಿಡೀತದ ಕಣಮ್ಮಿ' ಅಂದವಳು ಹಾಗೇ ವಾಲಿದಳು. ತಲೆಯೊಳಗಿನ ರಕ್ತನಾಳ ಉಬ್ಬಿ ಒಡೆದಿದೆ ಎಂದರು. ಚಿಕ್ಕವ್ವನೂ ಹೀಗೇ ಹೋಗಿದ್ದಳು. ಅಕ್ಕತಂಗಿಯರಿಬ್ಬರಿಗೂ ಹೀಗಾಗಿದೆ, ಮಕ್ಕಳೂ ಒಮ್ಮೆ ತಲೆಯ ಸ್ಕ್ಯಾನ್ ಮಾಡಿಸಿಕೊಳ್ಳಿ ಎಂದರು ಮೈಸೂರಿನ ಡಾಕ್ಟರು. ಅಣ್ಣ, ನಾನು ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ದಿನ, ಒಬ್ಬರಾದ ಮೇಲೆ ಒಬ್ಬರು ಆ ಮಿಷನ್ನಿನೊಳಗೆ ಮಲಗಿ ಎದ್ದೆವು. ಡಾಕ್ಟರ ಕೋಣೆಗೆ ಮೊದಲು ಅಣ್ಣ ಒಬ್ಬನೇ ಹೋದ. ಹೊರಗೆ ಬಂದು, "ನಂದೇನೂ ಇಲ್ಲಂತೆ ಕಣಮ್ಮಿ, ಕ್ಲೀನಾಗದಂತೆ. ನಿನ್ನ ಕರೀತಾವ್ರೆ" ಅಂದ. ಅವನ ಮುಖ ಬಿಳುಚಿಕೊಂಡಿತ್ತು. ನನ್ನ ಮೇಲಿನ ಕರುಳು ಅಂದುಕೊಂಡೆ ನಾನು, ಹುಚ್ಚಿ.

ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ, ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಫಿಲ್ಮಿನ ಮೇಲೆ ಪೆನ್ನು ಇಟ್ಟು ತೋರಿಸಿದರು. ತಲೆಯ ಎಡಭಾಗದಲ್ಲಿ, ನಾಳ ಕವಲೊಡೆಯುವ ಕಡೆ, ಹೆಸರುಕಾಳಿನಷ್ಟು ಗುಳ್ಳೆ. "ಇದು ಒಡೆದಿಲ್ಲಮ್ಮ. ಒಡೆಯದೇ ಇರಬಹುದು ಕೂಡ. ವರ್ಷಕ್ಕೊಂದು ಸಲ ಸ್ಕ್ಯಾನ್ ಮಾಡಿ ನೋಡಿಕೊಂಡು ಇರಬಹುದು. ಆದರೆ ನಿಮ್ಮ ಮನೇಲಿ ಇಬ್ಬರು ಹೋಗಿದ್ದಾರೆ, ಹಾಗಾಗಿ ಆಪರೇಷನ್ ಮಾಡಿಸ್ತೀನಿ ಅಂದ್ರೆ ಅದೂ ತಪ್ಪಲ್ಲ" ಅಂದರು. ತೊಡೆಯ ನಾಳದಿಂದ ತಂತಿ ಕಳಿಸಿ ಒಳಗಿಂದಲೇ ಮುಚ್ಚುವುದೂ ಉಂಟಂತೆ. ನನ್ನ ಗುಳ್ಳೆಯ ಬಾಯಿ ಅಗಲ, ಅದು ಒಗ್ಗುವುದಿಲ್ಲ, ಬುರುಡೆ ತೆಗೆದು ಬುಡಕ್ಕೆ ಕ್ಲಿಪ್ ಹಾಕಬೇಕು ಎಂದರು. ಲಕ್ವ ಹೊಡೆಯಬಹುದು, ಮಾತು ಬೀಳಬಹುದು, ಬಲಗೈ ಸೋಲಬಹುದು, ಅಪರೂಪಕ್ಕೆ ಜೀವವೂ ಹೋಗಬಹುದು. "ಯೋಚನೆ ಮಾಡಿ, ನೀವೇ ಹೇಳಿ" ಅಂದರು.

ಏನಂತ ಹೇಳುವುದು? ಬಿಟ್ಟರೆ ಅವ್ವನ ಹಾಗೆ. ಮಾಡಿಸಿದರೆ ಕೈ. ಹದಿನೈದು ದಿನ ಅನ್ನ ಸೇರಲಿಲ್ಲ. ಕೊನೆಗೆ, ಮನೆದೇವರಲ್ಲಿ ಹೂ ಕೇಳಿಸೋಣ ಅಂದೆ. ಹನೂರಿನ ಆಚೆ ಹಳ್ಳಿಯಲ್ಲಿ ನಮ್ಮ ಮನೆದೇವರ ಗುಡಿ. ಪೂಜಾರಪ್ಪ ಸ್ವಾಮಿಯ ಎರಡು ಭುಜಕ್ಕೂ ಒದ್ದೆ ಸೇವಂತಿಗೆ ಅಂಟಿಸುತ್ತಾರೆ. ಬಲದ ಹೂ ಬಿದ್ದರೆ ಆಗಲಿ ಅಂತ, ಎಡದ್ದು ಬಿದ್ದರೆ ಬೇಡ ಅಂತ. ನಮ್ಮ ಮನೆತನದಲ್ಲಿ ಹೂ ಕೇಳುವುದು ಹಿರಿಯ ಗಂಡಸು. ಯಾರಿಗಾಗಿ ಕೇಳುತ್ತಾರೋ ಅವರು ಉಪವಾಸವಿದ್ದು ಮನೆಯಲ್ಲೇ ಕಾಯಬೇಕು. ನಾನು ಕಾದೆ.

ಸಂಜೆ ಅಣ್ಣ ಬಂದ. ಬಾಳೆಲೆಯ ತುಂಡಿನಲ್ಲಿ ಸುತ್ತಿದ ಹಳದಿ ಸೇವಂತಿಗೆ ಕೈಗಿಟ್ಟ. "ಬಲಕ್ಕೇ ಕೊಡ್ತು ಕಣಮ್ಮಿ. ಮಾಡಿಸ್ಕಂಬುಡು" ಅಂದ. ಗಂಡ ಹೋದ ಮೇಲೆ ನಾನು ಹೂ ಮುಡಿದವಳಲ್ಲ, ಕೈಯಲ್ಲೇ ಹಿಡಿದು ನಿಂತೆ. "ಮುಡ್ಕೊ, ಸ್ವಾಮಿ ಕೊಟ್ಟದ್ದು. ಅದ್ಕೆ ಯಾರೂ ಏನೂ ಅನ್ನಂಗಿಲ್ಲ" ಅಂದ. ಮುಡಿದುಕೊಂಡೆ. ಎಷ್ಟೋ ವರ್ಷದ ಮೇಲೆ ಕನ್ನಡಿ ನೋಡಿಕೊಂಡೆ.

ಆಪರೇಷನ್ ಆಯಿತು. ಅರ್ಧ ತಲೆ ಬೋಳಿಸಿದರು. ಒಳಗೆ ಒಂದು ಕ್ಲಿಪ್ಪು ಕೂತಿತು. ಜೀವ ಉಳಿಯಿತು. ಎರಡು ತಿಂಗಳು ಮಾತು ತಡೆತಡೆದು ಬರುತ್ತಿತ್ತು, ಚೆಂಬನ್ನು ಚೆಂಬು ಅನ್ನಲು ಬಾಯಿ ಬಾರದೆ ಅಳುತ್ತಿದ್ದೆ. ಮಾತು ಬಂತು, ಬೆರಳು ಬರಲಿಲ್ಲ. ಮೊದಲೇ ಹೇಳಿದ್ದರಲ್ಲ, ಡಾಕ್ಟರನ್ನು ದೂರುವಂತಿಲ್ಲ. ಎಳೆ ಸೇರಿಸಲು ಕೂತರೆ ಹೊಸೆದದ್ದೆಲ್ಲ ಬಿಚ್ಚಿಕೊಳ್ಳುತ್ತಿತ್ತು. ಬೀದಿಯವರು ಕರೆಯುವುದನ್ನು ಬಿಟ್ಟರು. ಅತ್ತಿಗೆ ತಟ್ಟೆ ಇಡುವ ಸದ್ದು ಬದಲಾಯಿತು. ಆದರೂ ಸ್ವಾಮಿಯೇ ಬಲಕ್ಕೆ ಕೊಟ್ಟದ್ದು ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಹೋದ ವರ್ಷ, ಜೀವ ಉಳಿದದ್ದಕ್ಕೆ ಹಣ್ಣುಕಾಯಿ ಮಾಡಿಸೋಣ ಎಂದು ಒಬ್ಬಳೇ ಹನೂರು ಬಸ್ಸು ಹತ್ತಿದೆ. ಅಲ್ಲಿಂದ ಆಟೋ ಹಿಡಿದು ಗುಡಿಗೆ ಹೋದೆ. ಪೂಜಾರಪ್ಪನಿಗೆ ಕೈ ತೋರಿಸಿ, "ಬಲಕ್ಕೆ ಕೊಟ್ಟ ಸ್ವಾಮಿ ಬೆರಳು ಯಾಕೆ ಕಿತ್ಕಂಡ, ಕೇಳಿ" ಅಂದೆ. ತಮಾಷೆಗೆ ಅಂದದ್ದು. ಆತ ನನ್ನ ಮುಖವನ್ನೇ ನೋಡಿದ.

"ನಿಂಗೆ ಎಡಕ್ಕಲ್ವೇನವ್ವ ಕೊಟ್ಟಿದ್ದು? ನಂಗೆ ಚೆನ್ನಾಗಿ ಗ್ಯಾನ ಅದ. ಒಂದೇ ದಿನ ಎಲ್ಡು ತಲೆಗೆ ಯಾರ್ ಕೇಳ್ತಾರೆ? ನಿಮ್ಮಣ್ಣ ಮೊದ್ಲು ನಿನ್ ಎಸ್ರಲ್ಲಿ ಕೇಳ್ದ, ಎಡದ್ದು ಬಿತ್ತು. ಆಮೇಕೆ ನನ್ ತಲೇಲೂ ಅದೇ ಅದ ಅಂದ್ಬುಟ್ಟು ತನ್ ಎಸ್ರಲ್ಲೇ ಕೇಳ್ದ, ಬಲದ್ದು ಬಿತ್ತು. ಅವಂಗೂ ಆಪ್ರೇಸನ್ ಆಯ್ತಾ?"

ಹಣ್ಣುಕಾಯಿ ಅಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಪಕ್ಕದವರು ಏನಾಯಿತೆಂದು ಕೇಳುವಷ್ಟು ಅತ್ತೆ.

ಅಣ್ಣ ಮಗ್ಗದಲ್ಲಿ ಕೂತಿದ್ದ. "ನಾನ್ ಮುಡ್ಕಂಡಿದ್ದು ಯಾರ ಊವ?" ಅಂದೆ. ಲಾಳಿ ನಿಂತಿತು. ಯಾವ ಹೂವು ಎಂದು ಅವನು ಕೇಳಲಿಲ್ಲ. "ಯಾರ್ ಯೋಳ್ದ್ರು?" ಅಂದ.

ಅಷ್ಟು ಸಾಕಾಗಿತ್ತು. ಉಳಿದದ್ದನ್ನು ಅವನೇ ಕಕ್ಕಿದ. ಅವನ ತಲೆಯಲ್ಲೂ ಗುಳ್ಳೆ ಇದೆ, ಅದೇ ದಿನ ಗೊತ್ತಾಗಿತ್ತು. ಪ್ರತಿ ವರ್ಷ 'ಯಳಂದೂರಲ್ಲಿ ಗಿರಾಕಿ ಅವ್ರೆ' ಅಂತ ಹೇಳಿ ಹೋಗುತ್ತಿದ್ದದ್ದು ಮೈಸೂರಿಗೆ, ಸ್ಕ್ಯಾನಿಗೆ. "ನಂಗೆ ಎದೆ ಸಾಲ್ನಿಲ್ಲ ಕಣಮ್ಮಿ. ನಿಂಗೆ ಚೆನ್ನಾಗಾದ್ರೆ ನಾನೂ ಮಾಡಿಸ್ಕಳವ ಅನ್ಕಂಡಿದ್ದಿ. ನಾನ್ ಓದ್ರೆ ಮಗ್ಗ ನಿಂತೋಯ್ತಿತ್ತು, ನೀನಾದ್ರೆ..." ಅಂದ.

"ನಾನಾದ್ರೆ ಏನು? ಯೋಳು."

ಅವನು ಮತ್ತೆ ಲಾಳಿ ಹಿಡಿದ. ಅದನ್ನು ಹೇಳಬೇಕಾಗಿರಲಿಲ್ಲ. ಗಂಡನಿಲ್ಲದವಳು, ಮಕ್ಕಳಿಲ್ಲದವಳು. ತೂತು ನೋಡಲು ಹಳೇ ಪಾತ್ರೆಗೆ ಮೊದಲು ನೀರು ಹಾಕುವ ಹಾಗೆ ನನ್ನನ್ನು ಮುಂದೆ ಮಾಡಿದ್ದ. ಹೂವಿಗೆ ಏನು ಗೊತ್ತು, ಒದ್ದೆ ಆರಿದರೆ ಬೀಳುತ್ತದೆ ಎಂದು ಓದಿದವರು ಹೇಳಬಹುದು. ಒಪ್ಪೋಣ. ಬೇಡ ಅಂತ ಬಂದಿದ್ದರೆ ನಾನು ಮಾಡಿಸುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ತನ್ನ ಹೂ ತಂದು ನನ್ನ ಮುಡಿಗೆ ಸಿಕ್ಕಿಸಿದ. ಆಮೇಲೆ ಅದೇ ಮನೆಯಲ್ಲಿ ಇದ್ದೆ, ಮಾತು ಬಿಟ್ಟೆ. ಎಲ್ಲಿಗೆ ಹೋಗಲಿ?

ಈ ತಿಂಗಳು ಅವನು ಮತ್ತೆ ಮೈಸೂರಿಗೆ ಹೋಗಿ ಬಂದ. ಈ ಸಲ ಯಳಂದೂರು ಅನ್ನಲಿಲ್ಲ. ಮಾರನೇ ದಿನ ಮಗ್ಗದಿಂದೆದ್ದು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. ಬೆರಳಲ್ಲಿ ಬೂದಿ ಹಾಗೇ ಇತ್ತು, ಈಗ ಎಳೆ ಸೇರಿಸುವುದೂ ಅವನೇ. "ಬೆಳೆದದಂತೆ ಕಣಮ್ಮಿ. ಇನ್ ಕಾಯಂಗಿಲ್ಲ, ಮಾಡಿಸ್ಲೇಬೇಕು ಅಂತಾರೆ" ಅಂದ. ಹೆದರಿದ ಅವನ ಮುಖದಲ್ಲಿ ಅವ್ವನ ಮುಖ ಕಂಡಿತು. ನನಗೂ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. "ಹನೂರ್ಗೆ ಓಗಿ ನೀನೇ ನನ್ ಎಸ್ರಲ್ಲಿ ಊವ ಕೇಳ್ಕಂಡು ಬಾ. ನೀ ಬಂದು ಏನ್ ಯೋಳ್ತೀಯ, ಹಂಗೇ ಮಾಡ್ತೀನಿ" ಅಂದ.

ನಾನು ಕೈ ಒರೆಸಿಕೊಂಡೆ. ವರ್ಷದ ಮೇಲೆ ಅವನೊಂದಿಗೆ ಆಡಿದ ಮೊದಲ ಮಾತು ಅದು.

"ನಿನ್ನ ಊವ ಆವತ್ತೇ ಬಿದ್ದಾಯ್ತು ಕಣಣ್ಣ. ಬಲಕ್ಕೆ ಬಿದ್ದಿತ್ತು. ನಾನು ಮುಡ್ಕಂಡಿದ್ದಿ."