ಲೆಕ್ಕದ ಮಿಸ್ ಮತ್ತು ಒಂದು ಕ್ವಾರ್ಟರ್ ರಮ್ಮು

ಅವರ ಬಲ ಮುಂಗೈ ಮೇಲೆ ಮೂರು ಸುಟ್ಟ ಗೆರೆಗಳಿದ್ದವು. ಒಂದು ಹಳೆಯದು, ಮಾಸಿ ಬೆಳ್ಳಗಾಗಿತ್ತು, ಉಳಿದೆರಡು ಕಂದು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಬಳೆ ಹಿಂದಕ್ಕೆ ಜಾರಿ ಎಲ್ಲರಿಗೂ ಕಾಣುತ್ತಿದ್ದವು. ಡಿಸೆಂಬರಿನಲ್ಲಿ ಬೇಕರಿಯ ಒಲೆಯಿಂದ ಕೇಕಿನ ಟಿನ್ನು ಹೊರತೆಗೆಯುವಾಗ ಆದ ಗಾಯಗಳು ಅವು. ಹುಡುಗರು ಅವಕ್ಕೆ ಸಮಾಂತರ ರೇಖೆಗಳು ಎಂದು ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ಅವರು ಕೈ ಮುಂದೆ ಚಾಚಿ, "ಸರಿಯಾಗಿ ನೋಡ್ರಪ್ಪ, ಮೂರನೇದು ವಾರೆ ಐತೆ. ಎಲ್ಲೋ ಹೋಗಿ ಸೇರ್ತೈತೆ" ಎಂದು ಪಾಠ ಮುಂದುವರಿಸಿದ್ದರು.

ಹರಿಹರದ ನಮ್ಮ ಶಾಲೆಯಲ್ಲಿ ಎಲ್ಲರಿಗೂ ಅವರು ಲೆಕ್ಕದ ಮಿಸ್. ನಾನು ಕನ್ನಡ ಟೀಚರಾಗಿ ಸೇರಿದಾಗ ಅವರಿಗೆ ಐವತ್ತರ ಹತ್ತಿರ. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಚರ್ಚಿನ ಹಿಂದಿನ ಬೀದಿಯಲ್ಲಿ ಒಬ್ಬರೇ ಇದ್ದರು. ಅವರ ಬಗ್ಗೆ ಬರೆಯಲು ಕೂತರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

ಕ್ರಿಸ್‌ಮಸ್ ಕೇಕಿನ ಕೆಲಸ ನವೆಂಬರಿನಲ್ಲೇ ಶುರುವಾಗುತ್ತಿತ್ತು. ಒಣದ್ರಾಕ್ಷಿ, ಖರ್ಜೂರ, ಅಂಜೂರ, ಸಕ್ಕರೆಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ, ಎಲ್ಲವನ್ನೂ ಸಣ್ಣಗೆ ಹೆಚ್ಚಿ ಎರಡು ಪಿಂಗಾಣಿ ಭರಣಿಗೆ ತುಂಬುತ್ತಿದ್ದರು. ದೊಡ್ಡವರಿಗಾಗಿ ಇಟ್ಟ ಭರಣಿಗೆ ರಮ್ಮು. ಮಕ್ಕಳ ಭರಣಿಗೆ ಬರೀ ಕಿತ್ತಳೆ ರಸ. ಅದು ಹುಳಿಯುತ್ತದೆಂದು ಕೇಕು ಸುಡುವ ಹಿಂದಿನ ದಿನವಷ್ಟೇ ತುಂಬುತ್ತಿದ್ದರು. ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿಯನ್ನು ಕುಟ್ಟುವುದು ನನ್ನ ಕೆಲಸ. ಕೇಕು ಬೆಂದ ಮೇಲೆ, ಬಿಸಿ ಆರುವ ಮೊದಲೇ, ದಬ್ಬಣದಿಂದ ಅಲ್ಲಲ್ಲಿ ಚುಚ್ಚಿ ದೊಡ್ಡವರ ಕೇಕಿಗೆ ಇನ್ನೆರಡು ಚಮಚ ರಮ್ಮು ಕುಡಿಸುತ್ತಿದ್ದರು. ನಾನೊಮ್ಮೆ, "ಯಾರಾದರೂ ಕೇಳಿದರೆ ಎಸೆನ್ಸ್ ಅನ್ನೋಣ ಮಿಸ್" ಎಂದೆ. "ಯಾಕ? ರಮ್ಮಿಗೆ ರಮ್ಮು ಅನ್ನಬೇಕು. ತಿನ್ನೋರು ಗೊತ್ತಿದ್ದು ತಿನ್ನಲಿ" ಎಂದರು.

ಒಲೆ ಬೇಕರಿ ಸಾಬರದು. ಬೆಳಗಿನ ಬ್ರೆಡ್ಡು ಇಳಿಸಿದ ಮೇಲೆ ಒಲೆಯನ್ನು ಇವರಿಗೆ ಬಿಟ್ಟುಕೊಡುತ್ತಿದ್ದರು. "ನೀವೇ ಇಡ್ರಿ ಟೀಚರಮ್ಮ, ನೀವೇ ತೆಗೀರಿ. ಅದಕ್ಕ ನನ್ನ ಕೈ ಬ್ಯಾಡ" ಎಂದು ಹೇಳಿ, ಹೊತ್ತು ಮೀರದಂತೆ ಗಡಿಯಾರ ಮಾತ್ರ ನೋಡುತ್ತ ಕೂರುತ್ತಿದ್ದರು.

ಶಾಲೆಯಲ್ಲಿ ಆ ಕೇಕು ತಿನ್ನದವರು ಯಾರೂ ಇರಲಿಲ್ಲ. ಆಡಳಿತ ಮಂಡಳಿಯ ಕಾರ್ಯದರ್ಶಿಯಂತೂ ಡಿಸೆಂಬರಿನಲ್ಲಿ ತಪ್ಪದೆ ಸ್ಟಾಫ್ ರೂಮಿಗೆ ಬರುತ್ತಿದ್ದರು. "ನಮಗ ಮಕ್ಕಳದು ಬ್ಯಾಡ್ರಿ ಮೇಡಂ, ಅದು ಇರೋದು ಕೊಡ್ರಿ" ಎಂದು ನಗುತ್ತಿದ್ದರು. ಈ ಮಾತನ್ನು ನಾನು ಆರು ವರ್ಷ ನನ್ನ ಕಿವಿಯಾರೆ ಕೇಳಿದ್ದೇನೆ.

ನನಗೆ ಮಗಳು ಹುಟ್ಟಿ ರಜೆ ಮುಗಿಸಿ ಬಂದ ವರ್ಷ, ಮಗುವಿಗೆ ಜ್ವರ ಎಂದು ಆಗಾಗ ತಪ್ಪಿಸುತ್ತೇನೆಂದು ನನ್ನನ್ನು ಕೆಲಸದಿಂದ ಬಿಡಿಸುವ ಮಾತು ಮೀಟಿಂಗಿನಲ್ಲಿ ಬಂತು. ನಾನು ತಲೆ ತಗ್ಗಿಸಿ ಕೂತಿದ್ದೆ. ಮಿಸ್ ಎದ್ದು ನಿಂತು, "ಆಕಿ ಬರದ ದಿನ ಆಕಿ ಪೀರಿಯಡ್ ನಾನ್ ತಗೋತೀನಿ. ಮುಂದಿನ ವಿಷಯ ಹೇಳ್ರಿ" ಎಂದರು. ಆ ವಿಷಯ ಅಲ್ಲಿಗೆ ನಿಂತಿತು. ನಾನು ಇವತ್ತಿಗೂ ಅದೇ ಶಾಲೆಯಲ್ಲಿ ಇದ್ದೇನೆ.

ಅದಾಗಿ ಎರಡು ವರ್ಷಕ್ಕೆ, ನವೆಂಬರಿನ ಒಂದು ಭಾನುವಾರ, ಅವರು ಎಂದಿನಂತೆ ವೈನ್ ಶಾಪಿಗೆ ಹೋಗಿ ಒಂದು ಕ್ವಾರ್ಟರ್ ಬಾಟಲಿ ಕೊಂಡರು. ಸೋಮವಾರದ ಹೊತ್ತಿಗೆ ಅವರ ಫೋಟೋ ಪೋಷಕರ ವಾಟ್ಸಾಪ್ ಗುಂಪಿನಲ್ಲಿತ್ತು. ಕೈಯಲ್ಲಿ ಬಾಟಲಿ, ಹೆಗಲಿಗೆ ಚೀಲ. ಕೆಳಗೆ ಬರೆದಿತ್ತು: ಇವರು ನಮ್ಮ ಮಕ್ಕಳ ಟೀಚರ್, ಹೆಂಡದ ಕೇಕು ತಿನ್ನಿಸುವವರು ಇವರೇ. ಹಾಕಿದವನು ಎಂಟನೇ ಕ್ಲಾಸಿನ ಹುಡುಗನೊಬ್ಬನ ತಂದೆ. ಫೋಟೋದ ಮೂಲೆಯಲ್ಲಿ ಅವನ ಮೊಣಕೈ ಕಾಣುತ್ತಿತ್ತು. ಅದರ ಪಕ್ಕ ಕಟ್ಟೆಯ ಮೇಲೆ ಅರ್ಧ ಖಾಲಿಯಾದ ಗ್ಲಾಸು. ಅದನ್ನು ನಾವೆಲ್ಲರೂ ನೋಡಿದೆವು. ನೋಡದವರಂತೆ ಇದ್ದೆವು.

ಮಂಗಳವಾರ ಹೆಡ್‌ಮಾಸ್ಟರ್ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದರು. ಕಾರ್ಯದರ್ಶಿ ಮೊಬೈಲನ್ನು ಮೇಜಿನ ಮೇಲೆ ಮಿಸ್ ಕಡೆ ತಳ್ಳಿದರು.

"ಇದು ನಿಮ್ದೇ ಅಲ್ರೀ ಮೇಡಂ?"

"ನಂದೇ."

"ಕೈಯಾಗ ಏನೈತೆ?"

"ರಮ್ಮು. ವರ್ಷಾ ವರ್ಷಾ ನೀವು ಕೇಳಿ ತಿಂತೀರಲ್ಲ, ಅದಕ್ಕ ಹಾಕೋದು."

ಕಾರ್ಯದರ್ಶಿ ದನಿ ತಗ್ಗಿಸಿದರು. "ಪೇರೆಂಟ್ಸ್ ಗಲಾಟೆ ಮಾಡಾಕತ್ಯಾರ. ತಪ್ಪಾತು, ಇನ್ಮ್ಯಾಲೆ ಹಿಂಗ ಮಾಡಲ್ಲ ಅಂತ ಒಂದು ಲೆಟರ್ ಬರ್ದುಬಿಡ್ರಿ, ಮುಗಿಸಾಣ."

"ಫೋಟೋ ತೆಗೆದವ ಎಲ್ಲಿ ಕುಂತಿದ್ದ ಅಂತ ಕೇಳಿದ್ರಾ?"

"ಅವರು ಟೀಚರ್ ಅಲ್ಲಲ್ರೀ."

"ಗಂಡಸು ಅನ್ರಿ, ತಿಳೀತೈತೆ" ಎಂದು ಮಿಸ್ ನಮ್ಮ ಕಡೆ ತಿರುಗಿದರು. "ಇಷ್ಟು ಜನ ಇದ್ದೀರಿ. ನಾನು ಯಾವ ಮಗೂಗಾದ್ರೂ ರಮ್ಮಿನ ಕೇಕು ಕೊಟ್ಟಿದ್ದು ನೋಡೀರಾ? ಒಬ್ಬರಾದ್ರೂ ಹೇಳ್ರಿ."

ಮಕ್ಕಳ ಕೇಕನ್ನು ಬೇರೆ ಡಬ್ಬಿಗೆ ತುಂಬಿ, ಮೇಲೆ ಚೀಟಿ ಅಂಟಿಸುತ್ತಿದ್ದವಳು ನಾನು. ಹಾಗೆಂದು ಹೇಳಲು ಒಂದು ವಾಕ್ಯ ಸಾಕಿತ್ತು. ನಾನು ಹಾಜರಿ ಪುಸ್ತಕದ ಗೆರೆಗಳನ್ನು ನೋಡುತ್ತ ಕೂತೆ. ಮಿಸ್ ಒಂದು ಹಾಳೆ ಕೇಳಿ ತೆಗೆದುಕೊಂಡು, ನಿಂತಲ್ಲೇ ರಾಜೀನಾಮೆ ಬರೆದುಕೊಟ್ಟು ಹೋದರು.

ವಾರದ ಮೇಲೆ ಬ್ರೆಡ್ಡಿಗೆಂದು ಹೋದಾಗ ಬೇಕರಿ ಸಾಬರು ನನ್ನ ಮುಖ ನೋಡದೆ ಕೇಳಿದರು. "ನಿಮ್ಮ ಸ್ಕೂಲಿನೋರು ಯಾರೂ ಒಂದು ಮಾತು ಆಡಲಿಲ್ಲಂತಲ್ರಿ? ನಾನು ಅದನ್ನ ಮುಟ್ಟಲ್ಲ, ನಿಮಗ ಗೊತ್ತೈತೆ. ಆದ್ರೂ ಕರೆದಿದ್ರೆ ಬಂದು ಹೇಳ್ತಿದ್ದೆ. ಎರಡು ಟಿನ್ನು ಬ್ಯಾರೆ ಬ್ಯಾರೆ ಅಂತ." ನಾನು ಬ್ರೆಡ್ಡು ತೆಗೆದುಕೊಂಡು ಮನೆಗೆ ಬಂದೆ. ಆಮೇಲೆ ಬಹಳ ದಿನ ಬೇರೆ ಅಂಗಡಿಗೆ ಹೋದೆ.

ಮಿಸ್ ಹರಿಹರ ಬಿಟ್ಟು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಒಂದು ಮನೆಯ ಹಿಂಭಾಗ ಬಾಡಿಗೆಗೆ ಹಿಡಿದು ಟ್ಯೂಷನ್ ಶುರು ಮಾಡಿದರು. ಅರ್ಧ ಗಂಟೆಯ ಬಸ್ಸಿನ ದಾರಿ. ಅಲ್ಲಿಗೆ ಹೋಗಲು ನನಗೆ ಒಂದೂವರೆ ವರ್ಷ ಬೇಕಾಯಿತು. ಬಾಗಿಲು ತೆರೆದವರು, "ಬಾ, ಕೂಡು" ಎಂದು ಚಹಾ ಮಾಡಿಕೊಟ್ಟರು. ಮಗಳ ಬಗ್ಗೆ ವಿಚಾರಿಸಿದರು. ಒಳಗೊಳಗೇ ಒದ್ದಾಡಿ ಕೊನೆಗೂ ನಾನು ಹೇಳಿದೆ: "ಮಿಸ್, ಅವತ್ತು ನಾನು ಮಾತಾಡಬೇಕಿತ್ತು. ತಪ್ಪಾಯ್ತು."

ಪರವಾಗಿಲ್ಲ ಬಿಡು ಎನ್ನುತ್ತಾರೆಂದು ನಾನು ಎಣಿಸಿದ್ದೆ. ಅವರು ಲೋಟ ಕೆಳಗಿಟ್ಟರು.

"ಅವರಿಗ ನಾನು ತಪ್ಪಾತು ಅಂತ ಬರ್ದುಕೊಡಲಿಲ್ಲ. ನೀನು ಇಲ್ಲಿ ಬಂದು ನನಗ ಹೇಳಿದರೆ ಏನ್ ಮಾಡ್ಲಿ ನಾನು? ಫೋಟೋ ಹಾಕಿದವ ನನಗ ಬ್ಯಾಸರ ಮಾಡಲಿಲ್ಲ, ಅವ ಕುಡುಕ. ನೀನು ಎಲ್ಲಾ ಗೊತ್ತಿದ್ದಾಕಿ. ಚಹಾ ಆರ್ತೈತೆ, ಕುಡಿ."

ಮತ್ತೆ ನಾನು ಹೋಗಲಿಲ್ಲ. ಕಳೆದ ವರ್ಷ, ಟ್ಯೂಷನ್ ಮಕ್ಕಳು ಬರುವ ಮೊದಲೇ, ಎದೆನೋವಿನಿಂದ ಅವರು ತೀರಿಕೊಂಡರು.

ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಫೋಟೋಕ್ಕೆ ಮಲ್ಲಿಗೆ ಹಾರ, ಹಿಂದೆ ಫ್ಲೆಕ್ಸು. ಕಾರ್ಯದರ್ಶಿ ಮೈಕು ಹಿಡಿದು ಅವರ ಶಿಸ್ತನ್ನು ಹೊಗಳಿದರು, ಕೇಕಿನ ರುಚಿಯನ್ನು ಹೊಗಳಿದರು, ವೈಯಕ್ತಿಕ ಕಾರಣಕ್ಕೆ ಅವರು ಶಾಲೆ ಬಿಟ್ಟಿದ್ದು ನಮ್ಮ ನಷ್ಟ ಎಂದರು. ನಾನು ಎದ್ದೆ. ಮೈಕು ಕೊಡಿ ಎಂದೂ ಕೇಳಲಿಲ್ಲ. ಅವರು ವೈಯಕ್ತಿಕ ಕಾರಣಕ್ಕೆ ಬಿಡಲಿಲ್ಲ, ನಾವು ಬಿಡಿಸಿದೆವು ಎಂದೆ. ಕೇಕುಗಳು ಎರಡಿದ್ದವು, ಮಕ್ಕಳದನ್ನು ನಾನೇ ತುಂಬುತ್ತಿದ್ದೆ, ಅದು ಗೊತ್ತಿದ್ದೂ ಅವತ್ತು ಬಾಯಿ ಬಿಡಲಿಲ್ಲ ಎಂದೆ. ರಮ್ಮಿನದೇ ಬೇಕೆಂದು ಯಾರು ಕೇಳಿ ತಿನ್ನುತ್ತಿದ್ದರೆಂಬುದನ್ನೂ ಹೇಳಿದೆ. ಹೆಡ್‌ಮಾಸ್ಟರು ಒಂದು ನಿಮಿಷದ ಮೌನ ಆಚರಿಸೋಣ ಎಂದು ಅವಸರದಲ್ಲಿ ಎದ್ದು ನಿಂತರು.

ಸಭೆ ಮುಗಿದು ಮೆಟ್ಟಿಲಿಳಿಯುವಾಗ ಹೊಸದಾಗಿ ಸೇರಿದ ಟೀಚರೊಬ್ಬಳು ಪಕ್ಕಕ್ಕೆ ಬಂದು, "ಭಾಳ ಧೈರ್ಯ ಮಾಡಿದ್ರಿ ಮೇಡಂ" ಎಂದಳು.

ಅವಳ ಮೇಲೂ ಸಿಟ್ಟು ಬಂತು.

"ಧೈರ್ಯ ಅನ್ನಬ್ಯಾಡಮ್ಮ" ಎಂದೆ. "ಅವರು ಕೇಳಿದಾಗ ಹೇಳಿದ್ದಿದ್ರೆ ಅದಕ್ಕ ಆ ಮಾತು ಒಪ್ತಿತ್ತು."