ಟೆರೇಸ್ ಸೋರಿದರೆ ಏನು ಹಾಕಬೇಕು

ಮಲ್ಲೇಶ್ವರಂನ ಸಭಾಂಗಣವೊಂದರ ಬಾಗಿಲಲ್ಲಿ 'ಪುರಾತನ ಟೆರೇಸ್‌ಗಳನ್ನು ಉಳಿಸುವುದು ಹೇಗೆ?' ಅಂತ ಬೋರ್ಡ್ ಹಾಕಿದ್ದರು. ಇನ್ನೂ ಸ್ಲೈಡ್ ಪ್ರೊಜೆಕ್ಟರ್ ಕಾಲ. ಫಿಲಿಪ್ಪೀನ್ಸ್‌ನ ಬೆಟ್ಟದಿಂದ ಬಂದಿದ್ದ ರೈತ ಮಹಿಳೆಯ ಇಂಗ್ಲಿಷನ್ನು ಕನ್ನಡಕ್ಕೆ ಮಾಡಿ ಹೇಳುವುದು ನನ್ನ ಕೆಲಸ.

ಪರದೆಯ ಮೇಲೆ ಅವರ ಬೆಟ್ಟದ ಚಿತ್ರ ಬಿತ್ತು. ಬುಡದಿಂದ ತುದಿಯವರೆಗೂ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ, ಪ್ರತಿ ಮೆಟ್ಟಿಲಲ್ಲೂ ಒಂದು ತುಂಡು ಆಕಾಶ. ಇಂಗ್ಲಿಷಿನಲ್ಲಿ ಟೆರೇಸ್ ಅನ್ನುವ ಈ ಗದ್ದೆಗಳನ್ನು ಆ ಮಹಿಳೆಯ ಮುತ್ತಜ್ಜಂದಿರು ಕೈಯಲ್ಲೇ ಕಟ್ಟಿದ್ದರಂತೆ.

ಕೊನೆಗೆ ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದರು. "ನಾನು ಬೋರ್ಡ್ ನೋಡ್ಕೊಂಡು ಬಂದೆ ಕಣಪ್ಪ. ನಮ್ಮನೆ ಟೆರೇಸ್ ಆಗಲೇ ಸೋರ್ತಿದೆ. ಇವರದ್ದು ಇಷ್ಟು ಕಾಲ ನಿಂತಿದೆಯಲ್ಲ, ಏನು ಹಾಕ್ತಾರೆ ಕೇಳು."

ಸಭೆಯೆಲ್ಲ ನಕ್ಕಿತು. ಮುಜುಗರದಿಂದಲೇ ಕೇಳಿದೆ. ರೈತ ಮಹಿಳೆ ಮಾತ್ರ ನಗಲಿಲ್ಲ.

"ನಮ್ಮದೂ ಸೋರುತ್ತೆ ಅಂತ ಹೇಳಿ. ಎರೆಹುಳ ಬದುವನ್ನು ಕೊರೆಯುತ್ತೆ. ತೂತು ಬೆರಳಷ್ಟಿದ್ದಾಗಲೇ ಮಣ್ಣು ಮೆತ್ತಬೇಕು. ಬಿಟ್ಟರೆ ಮಳೆಗೆ ಬದು ಕುಸಿದು ಕೆಳಗಿನ ಗದ್ದೆಗಳನ್ನೂ ಎಳೆದುಕೊಂಡು ಹೋಗುತ್ತೆ. ಹಾಕೋದು ಬರೀ ಮಣ್ಣು. ಆದರೆ ದಿನಾ ಹತ್ತಿ ನೋಡೋರು ಬೇಕು. ಈಗ ನಮ್ಮೂರಲ್ಲಿ ಅವರೇ ಇಲ್ಲ. ಇವರು ದಿನಾ ಹತ್ತಿ ನೋಡ್ತಾರಾ?"

ಅದನ್ನೆಲ್ಲ ಅಜ್ಜಿಗೆ ಕನ್ನಡದಲ್ಲಿ ಹೇಳಿದೆ.

ಅಜ್ಜಿಯ ಮುಖ ಅರಳಿತು. "ತಪ್ಪದೆ ಹತ್ತುತ್ತೀನಪ್ಪ! ಬಿರುಕಲ್ಲಿ ಒಂದು ಅರಳಿ ಸಸಿ ಹುಟ್ಟಿದೆ. ದಿನಾ ನೀರು ಹಾಕಿ, ಪ್ರದಕ್ಷಿಣೆ ಮಾಡಿ ಬರ್ತೀನಿ."

ರೈತ ಮಹಿಳೆ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. "ದಿನಾ ಹತ್ತುತ್ತಾರಂತೆ," ಅಂತಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಅಜ್ಜಿಗೆ ತಲೆಬಾಗಿ ಕೈಮುಗಿದರು.