ಅಂಚೆಗೆ ಹೋಗದ ಕಾಗದ

ಮೊನ್ನೆ ಮಗಳ ಪೆನ್ಸಿಲ್ ಚೂಪು ಮಾಡಿಕೊಡುವಾಗ ಆ ಮರದ ಪುಡಿಯ ವಾಸನೆ ಮೂಗಿಗೆ ಬಡಿಯಿತು ನೋಡಿ, ಅಮೆರಿಕದ ಹರ್ನ್‌ಡನ್ನಿನ ಅಡುಗೆಮನೆಯಲ್ಲಿದ್ದವಳು ಸೀದಾ ಏಳೆಂಟು ವರ್ಷದ ಹಿಂದಿನ ಒಂದು ವೈದ್ಯಕೀಯ ಗ್ರಂಥಾಲಯಕ್ಕೆ ಹೋಗಿಬಿಟ್ಟೆ. ಹಳೆಯ ಕಾಗದಕ್ಕೆ ಮಸಿ ತಾಗೀತೆಂದು ಅಲ್ಲಿ ಪೆನ್ನಿಗೆ ಪ್ರವೇಶವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ವೈದ್ಯ ವಿದ್ಯಾರ್ಥಿಗಳ ನೋಟ್ಸು, ಡಾಕ್ಟರುಗಳ ಕಾಗದಪತ್ರ ಓದಿ ಪೆನ್ಸಿಲಿನಲ್ಲಿ ಬಿಡಿಸಿ ಬರೆಯುವುದು ನನ್ನ ಬಿಟ್ಟಿ ಕೆಲಸ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮಾಡಿದವಳಿಗೆ ಎಂಥ ಡಾಕ್ಟರ ಅಕ್ಷರವಾದರೂ ತಿಳಿಯುತ್ತದೆ ಎಂಬ ಜಂಬವೂ ಇತ್ತೆನ್ನಿ.

ನಿಜ ಹೇಳಬೇಕೆಂದರೆ ಅಲ್ಲಿಗೆ ಹೋಗುತ್ತಿದ್ದದ್ದು ಊರಿನ ಫೋನು ತಪ್ಪಿಸಿಕೊಳ್ಳಲು. ಇಲ್ಲಿ ಡಾಕ್ಟರಿಕೆ ಮಾಡಲು ಬರೆಯಬೇಕಾದ ಪರೀಕ್ಷೆಯಲ್ಲಿ ನಪಾಸಾಗಿದ್ದೆ. ಗಂಡನಿಗೆ ಗೊತ್ತು, ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ಡಾಕ್ಟರಾಗಿದ್ದ ಅಪ್ಪನಿಗೆ ಗೊತ್ತಿಲ್ಲ.

“ರಿಜಲ್ಟ್ ಏನಾತವಾ?” ಎಂದು ವಾರವಾರವೂ ಕೇಳುವರು.

“ಇನ್ನೂ ಬಂದಿಲ್ರಿ ಅಪ್ಪಾ,” ಎನ್ನುವೆ. ಮೂರು ತಿಂಗಳು ಹೀಗೇ ದಬ್ಬಿದೆ. ನಾಚಿಕೆಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಒಬ್ಬ ವಿದ್ಯಾರ್ಥಿಯ ನೋಟ್‌ಬುಕ್ಕಿನಿಂದ ಮಡಿಸಿದ ಹಾಳೆಯೊಂದು ಜಾರಿ ಬಿದ್ದು ಕಾಲಿಗೆ ತಾಗಿತು. ಅಭ್ಯಾಸಬಲ, ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡೆ. ಮೇಲ್ವಿಚಾರಕಿ ಮಾರ್ಥಾ ಕುರ್ಚಿ ಬಿಟ್ಟು ಓಡಿ ಬಂದಳು.

“ಕಣ್ಣಿಗೆ ಬೇಡ. ಆ ಕಾಲದ ಡಾಕ್ಟರುಗಳ ಕೈಯಲ್ಲಿ ಪಾದರಸ, ಆರ್ಸೆನಿಕ್ ಏನೇನಿತ್ತೋ,” ಎಂದು ಇಂಗ್ಲಿಷಿನಲ್ಲಿ ಗದರಿದಳು.

ಕಾಲು ತಾಗಿದ್ದಕ್ಕೆ ಕ್ಷಮೆ ಕೇಳಿದೆ ಎಂದೆ. “ಕಾಗದದ ಹತ್ತಿರವಾ?” ಎಂದು ನಕ್ಕು, ಕೈ ಕಣ್ಣು ತೊಳೆದು ಬರಲು ಅಟ್ಟಿದಳು.

ಬಂದು ಬಿಡಿಸಿದರೆ, ಆ ವಿದ್ಯಾರ್ಥಿ ತನ್ನಪ್ಪನಿಗೆ ಬರೆದ ಪತ್ರ. ಪರೀಕ್ಷೆ ಚೆನ್ನಾಗಿ ಆಗಿದೆ, ಫಲಿತಾಂಶ ಮಾತ್ರ ತಡವಾಗಿದೆ ಅಂತ. ನೋಟ್‌ಬುಕ್ಕಿನ ಅದೇ ವಾರದ ಪುಟದಲ್ಲಿ ತಾನು ಫೇಲು ಎಂದು ಬರೆದುಕೊಂಡಿದ್ದಾನೆ ಪುಣ್ಯಾತ್ಮ. ಪೆನ್ಸಿಲ್ ಕೆಳಗಿಟ್ಟೆ.

“ಇವನ ಅಪ್ಪ ಏನು ಉತ್ತರ ಬರೆದಿರಬಹುದು?” ಎಂದೆ.

“ಪತ್ರ ನಮ್ಮ ಹತ್ತಿರವೇ ಇದೆಯಲ್ಲ,” ಎಂದಳು ಮಾರ್ಥಾ. “ಕಳಿಸಿಲ್ಲ ಅವನು.”

ನಾನು ಕಳಿಸಿಬಿಟ್ಟಿದ್ದೆ, ವಾರಕ್ಕೊಂದರಂತೆ. ಪಾರ್ಕಿಂಗ್ ಲಾಟಿಗೆ ಹೋಗಿ ಫೋನು ಹಚ್ಚಿದೆ. “ಅಪ್ಪಾ, ಫೇಲಾಗೀನ್ರಿ.”

“ಗೊತ್ತದ. ಪಾಸಾಗಿದ್ರ ನೀ ಮೂರು ತಿಂಗಳು ಸುಮ್ನ ಇರಾಕಿ ಅಲ್ಲ,” ಎಂದರು. ಆಮೇಲೆ ದನಿ ತಗ್ಗಿಸಿ, “ನಾನೂ ಅನಾಟಮಿ ಎರಡ್ ಸಲ ಬರ್ದೀನಿ. ನಿಮ್ಮವ್ವಗ ಇವತ್ತಿಗೂ ಗೊತ್ತಿಲ್ಲ.”

ಮರುವರ್ಷ ಪಾಸಾದೆ, ಅದು ಬಿಡಿ. ಇದನ್ನೆಲ್ಲ ಬರೆಯಲೇ ಎಂದು ನಿನ್ನೆ ಫೋನಿನಲ್ಲಿ ಅಪ್ಪನನ್ನು ಕೇಳಿದೆ.

“ತಡೀ, ಅಕಿ ಓದೂಕಿಂತ ಮೊದ್ಲ ನಾನ ಹೇಳ್ತೀನಿ,” ಎಂದು ಅವ್ವನನ್ನು ಕೂಗಿ ಕರೆದರು.